ಪಂಡಿತಾ ರಮಾಬಾಯಿ: ಮತಾಂತರ, ಸ್ತ್ರೀತ್ವ ಮತ್ತು ರಾಷ್ಟ್ರಭಾವ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತೀಯ ರಾಷ್ಟ್ರಭಾವವು ರೂಪುಗೊಳ್ಳುತ್ತಿದ್ದಾಗ ಅದರ ಭಾರದ ಬಹುಪಾಲು ಸ್ತ್ರೀಯರ ಮೇಲೆ ಬಿದ್ದಿತು. ರಾಜ್ಯಾಧಿಕಾರವು ಪರಕೀಯರ ವಶವಾಗಿದ್ದರೂ ಗೃಹವು ತಮ್ಮದೇ ಎಂದು ಸುಶಿಕ್ಷಿತ ಪುರುಷರು ಭಾವಿಸಿದರು. ಆ ಗೃಹದ ಧರ್ಮವನ್ನು ಕಾಯುವವಳು ಹೆಣ್ಣು. ಆದುದರಿಂದ ಸ್ತ್ರೀಯೊಬ್ಬಳ ಮತಾಂತರವು ಅವಳ ಸ್ವಂತ ಶ್ರದ್ಧೆಯ ವಿಷಯವಾಗಿ ಉಳಿಯದೆ ನಾಡಿನ ಪ್ರಶ್ನೆಯಾಗುತ್ತಿತ್ತು. ಪಂಡಿತಾ ರಮಾಬಾಯಿಯವರ (1858-1922) ಜೀವಿತವು ಇದಕ್ಕೆ ಸ್ಪಷ್ಟ ನಿದರ್ಶನವಾಗಿದೆ.

ರಮಾಬಾಯಿಯವರು ಜನಿಸಿದುದು ಕನ್ನಡನಾಡಿನ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಸಂಪ್ರದಾಯಸ್ಥರ ವಿರೋಧವನ್ನು ಲೆಕ್ಕಿಸದೆ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಆ ವಿದ್ಯೆಯು ತಾಯಿಯಿಂದ ಮಗಳಿಗೆ ಹರಿದು ಬಂದಿತು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರಿಗೆ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. 1882ರಲ್ಲಿ ಪತಿವಿಯೋಗವಾದ ತರುವಾಯ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಸ್ತ್ರೀಯರಿಗಾಗಿ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಪ್ರತಿಪಾದಿಸಿದರು. ಸುಧಾರಕರ ಕಣ್ಣಿಗೆ ಅವರು ಪ್ರಾಚೀನ ವಿದುಷಿಯರ ಪರಂಪರೆಯವರಾಗಿ ಕಂಡರು.

1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ರಮಾಬಾಯಿಯವರು ಕ್ರೈಸ್ತದೀಕ್ಷೆ ಪಡೆದಾಗ ಈ ಗೌರವವು ಸಂಶಯಕ್ಕೆ ತಿರುಗಿತು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಅವರು ತೆರೆದ ಶಾರದಾ ಸದನಕ್ಕೆ ರಾನಡೆ, ಭಂಡಾರಕರರಂಥವರು ಸಲಹೆಗಾರರಾಗಿದ್ದರು. ಸದನದ ಕೆಲವು ವಿಧವೆಯರು ಅವರ ಪ್ರಾರ್ಥನೆಗೆ ಸೇರುತ್ತಾರೆಂಬ ಕಾರಣದಿಂದ 1893ರಲ್ಲಿ ಈ ಸಲಹೆಗಾರರು ಹಿಂದೆ ಸರಿದರು. ತಿಲಕರ ‘ಕೇಸರಿ’ಯು ಕಟುವಾಗಿ ಟೀಕಿಸಿತು. ವಿಧವೆಗೆ ವಿದ್ಯೆಯನ್ನು ಕೊಡಲು ಒಪ್ಪಿದವರೂ, ಅವಳು ತನ್ನ ಶ್ರದ್ಧೆಯನ್ನು ತಾನೇ ಆರಿಸಿಕೊಳ್ಳುವುದನ್ನು ಒಪ್ಪಲಾರದೆ ಹೋದರು.

ಆದರೆ ರಮಾಬಾಯಿಯವರು ಪಾಶ್ಚಾತ್ಯ ಚರ್ಚಿಗೂ ವಿಧೇಯರಾಗಲಿಲ್ಲ. ಗುರುಗಳ ಮಾತಿಗಾಗಿ ಮನಸ್ಸಾಕ್ಷಿಯನ್ನು ಒತ್ತೆಯಿಡಲು ನಿರಾಕರಿಸಿದರು; ತ್ರಿತ್ವಾದಿ ತತ್ತ್ವಗಳನ್ನು ಪ್ರಶ್ನಿಸಿದರು; ಲ್ಯಾಟಿನ್ ಬರಹದ ಶಿಲುಬೆಗೆ ಬದಲಾಗಿ ಸಂಸ್ಕೃತ ಬರಹವೇ ತಮಗೆ ತಕ್ಕುದೆಂದರು. ಸಸ್ಯಾಹಾರವನ್ನೂ ಬಿಡಲಿಲ್ಲ. ಕ್ರೈಸ್ತರಾಗುವುದೆಂದರೆ ಆಂಗ್ಲರಾಗುವುದಲ್ಲ ಎಂಬುದೇ ಈ ನಡೆಯ ತಾತ್ಪರ್ಯ. 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನದಲ್ಲಿ ಪ್ರತಿನಿಧಿಗಳಾಗಿದ್ದ ಕೆಲವೇ ಮಹಿಳೆಯರಲ್ಲಿ ಅವರೂ ಒಬ್ಬರು.

ಮುಂದೆ ಕೇಡಗಾಂವದ ಮುಕ್ತಿ ಸದನದಲ್ಲಿ ಕ್ಷಾಮಪೀಡಿತ ಸ್ತ್ರೀಯರಿಗೂ ಬಾಲೆಯರಿಗೂ ಆಶ್ರಯವಿತ್ತು, ಬೈಬಲ್ಲನ್ನು ಮೂಲದಿಂದ ಮರಾಠಿಗೆ ತಂದರು. ಒಂದು ಕಡೆ ರಾಷ್ಟ್ರದ ಹೆಸರಿನಲ್ಲಿ, ಇನ್ನೊಂದು ಕಡೆ ಚರ್ಚಿನ ಹೆಸರಿನಲ್ಲಿ ಅವರಿಂದ ಅಪೇಕ್ಷಿಸಿದುದು ಆಜ್ಞಾಧಾರಕತೆಯೊಂದನ್ನೇ. ಹೆಣ್ಣಿನ ಅಂತರಂಗಕ್ಕೆ ಸ್ವಾತಂತ್ರ್ಯವಿಲ್ಲದ ನಾಡು ಎಷ್ಟರಮಟ್ಟಿಗೆ ಸ್ವತಂತ್ರವೆಂಬ ಪ್ರಶ್ನೆಯನ್ನು ಅವರ ಬಾಳು ವಿಚಾರವಂತರ ಮುಂದೆ ಇರಿಸಿದೆ.