ಕಾಯುವ ಊರುಗಳ ಸುಖ

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಟೆಂಡರಿನ ದಿನ. ಲಾರಿ, ಟ್ರ್ಯಾಕ್ಟರುಗಳಲ್ಲಿ ಬಂದ ಚೀಲಗಳು ಬೆಳಗಾಗುವಷ್ಟರಲ್ಲಿ ದಲಾಲಿ ಅಂಗಡಿಗಳ ಮುಂದೆ ಸಾಲುಗಟ್ಟಿರುತ್ತವೆ. ಖರೀದಿದಾರರು ಒಂದೊಂದೇ ಲಾಟಿನ ಮುಂದೆ ನಿಲ್ಲುತ್ತಾರೆ. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆಯುತ್ತಾರೆ, ಅಂಗೈಯಲ್ಲಿ ಹಿಸುಕುತ್ತಾರೆ. ತೇವ ಉಳಿದಿದೆಯೋ, ಬಣ್ಣ ಕಟ್ಟಿದೆಯೋ, ಸುಕ್ಕು ಚೆನ್ನಾಗಿ ಬಿದ್ದಿದೆಯೋ ನೋಡಿ, ತಮ್ಮಷ್ಟಕ್ಕೆ ದರ ಗುರುತು ಹಾಕಿಕೊಂಡು ಮುಂದಿನ ಲಾಟಿಗೆ ಸರಿಯುತ್ತಾರೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಇನ್ನು ಫಲಿತಾಂಶ ಹೊರಬೀಳುವವರೆಗೆ ರೈತನಿಗೆ ಬೇರೆ ಕೆಲಸವಿಲ್ಲ. ಚೀಲಕ್ಕೆ ಒರಗಿ ಕೂರುತ್ತಾನೆ, ಚಹಾ ಕುಡಿಯುತ್ತಾನೆ, ಪಕ್ಕದ ಊರಿನವನ ಜೊತೆ ಮಳಿ-ಬೆಳಿ ಮಾತಾಡುತ್ತಾನೆ. ಒಟ್ಟಿನಲ್ಲಿ, ಕಾಯುತ್ತಾನೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು. ಹುಬ್ಬಳ್ಳಿಯಿಂದ ಹರಿಹರದ ಕಡೆ ಹೊರಟ ರೈಲು ಇದೇ ಕ್ರಮದಲ್ಲಿ ಈ ಮೂರೂ ಊರುಗಳನ್ನು ದಾಟುತ್ತದೆ. ಒಂದರದು ಏಲಕ್ಕಿ ಮಾಲೆ, ಇನ್ನೊಂದರದು ಮೆಣಸಿನಕಾಯಿ, ಮತ್ತೊಂದರದು ಬೀಜದ ವ್ಯವಹಾರ. ಮೂರಕ್ಕೂ ಸೇರಿದ ಕಸುಬು ಒಂದಿದ್ದರೆ ಅದು ಕಾಯುವುದು. ಮಳೆಗೆ, ದರಕ್ಕೆ, ಬಟವಾಡೆಗೆ, ಹಬ್ಬಕ್ಕೆ. ದಿನನಿತ್ಯದ ಸುಖ ಎಂದರೇನು ಎಂದು ಈ ಸೀಮೆಯಲ್ಲಿ ನಿಂತು ಯೋಚಿಸಿದರೆ ಉತ್ತರ ಪ್ರವಚನದಲ್ಲಿ ಸಿಗುವುದಿಲ್ಲ, ಈ ಕಾಯುವಿಕೆಯಲ್ಲೇ ಸಿಗುತ್ತದೆ. ಭಯವಿಲ್ಲದೆ ಕಾಯುವ ತಾಕತ್ತು ಇರಬೇಕು, ಜೊತೆಗೆ ಕೂತು ಕಾಯುವ ಜನ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಮನೆಯ ನೆಮ್ಮದಿ ಹೋಯಿತೆಂದೇ ಅರ್ಥ.

ಒಂಬತ್ತು ದಿನಗಳ ಅಂತರ

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಗಿಡ್ಡಗೆ ದಪ್ಪಗೆ ಇರುವುದು ಡಬ್ಬಿ, ಉದ್ದಕ್ಕೆ ತೆಳ್ಳಗೆ ಇರುವುದು ಕಡ್ಡಿ. ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣಕ್ಕಾಗಿಯೇ ಇದರಿಂದ ಓಲಿಯೋರೆಸಿನ್ ತೆಗೆಯುತ್ತಾರೆ. ಹೆಸರು ಬ್ಯಾಡಗಿಯದಾದರೂ ಇಲ್ಲಿಗೆ ಬರುವ ಮಾಲಿನಲ್ಲಿ ದೊಡ್ಡ ಪಾಲು ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಕಡೆಯದು. ಸುತ್ತಲಿನ ಹೊಲಗಳಲ್ಲಿ ಹೆಚ್ಚಾಗಿ ಈಗ ಕಾಣುವುದು ಗೋವಿನಜೋಳ, ಹತ್ತಿ. ಎಲ್ಲಿಂದಲೇ ಬರಲಿ, ಮುಂಗಾರಿನಿಂದ ಸುಗ್ಗಿಯವರೆಗಿನ ದುಡಿಮೆಯ ಬೆಲೆ ಒಂದು ಮಧ್ಯಾಹ್ನ ತೀರ್ಮಾನವಾಗುತ್ತದೆ.

2024ರ ಮಾರ್ಚ್ 11, ಸೋಮವಾರ. ಅಂದು ದರ ದಿಢೀರನೆ ಕುಸಿದಿದೆ ಎಂದು ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ಕಲ್ಲು ತೂರಾಟವಾಯಿತು, ವಾಹನಗಳು ಸುಟ್ಟವು. ಆಮೇಲೆ ಬಂಧನ, ಮೊಕದ್ದಮೆ ಎಲ್ಲ ನಡೆಯಿತು. ಬೆಂಕಿ ಹಚ್ಚಿದ್ದನ್ನು ಯಾರೂ ಸರಿ ಎನ್ನಲಾರರು. ಆದರೆ ಚೀಲಕ್ಕೆ ಒರಗಿ ಶಾಂತವಾಗಿ ಕೂತಿದ್ದ ಅದೇ ಜನ ಒಂದು ಗಳಿಗೆಯಲ್ಲಿ ಹಾಗೇಕೆ ಎದ್ದರು ಎಂಬುದನ್ನು ಕೇಳದೆ ಮುಂದೆ ಹೋಗಲೂ ಆಗದು.

ಅದಾಗಿ ಒಂಬತ್ತು ದಿನಕ್ಕೆ, ಮಾರ್ಚ್ 20ರ ವಿಶ್ವ ಸಂತೋಷ ದಿನದಂದು, ಆ ವರ್ಷದ ಜಾಗತಿಕ ಸಂತೋಷ ವರದಿ ಹೊರಬಂತು. 143 ದೇಶಗಳ ಪಟ್ಟಿಯಲ್ಲಿ ಭಾರತಕ್ಕೆ 126ನೇ ಜಾಗ. ಮೊದಲನೆಯದು ಎಂದಿನಂತೆ ಫಿನ್‌ಲೆಂಡ್. ಈ ಪಟ್ಟಿಯ ಬುಡದಲ್ಲಿರುವುದು ಒಂದು ಸರಳ ಪ್ರಶ್ನೆ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲಿರುವ ಏಣಿಯನ್ನು ಕಲ್ಪಿಸಿಕೊಳ್ಳಿ. ತುದಿಯಲ್ಲಿ ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಕೆಳಗೆ ಅತಿ ಕೆಟ್ಟದ್ದು. ನೀವು ಯಾವ ಮೆಟ್ಟಿಲ ಮೇಲಿದ್ದೀರಿ?

ಈ ಪ್ರಶ್ನೆಯನ್ನು ಬ್ಯಾಡಗಿಯ ಪ್ರಾಂಗಣದಲ್ಲಿ ಬೆಳಗ್ಗೆ ಕೇಳಿದರೆ ಒಂದು ಉತ್ತರ, ಟೆಂಡರ್ ಮುಗಿದ ಮೇಲೆ ಕೇಳಿದರೆ ಇನ್ನೊಂದು. ‘ತಡೀರಿ, ರೇಟ್ ಬರ್ಲಿ, ಆಮ್ಯಾಲೆ ಹೇಳೂಣು’ ಎಂದರೆ ಅದು ತಮಾಷೆಯಲ್ಲ, ಅಲ್ಲಿಯ ಮಟ್ಟಿಗೆ ಅದೇ ಅತ್ಯಂತ ಪ್ರಾಮಾಣಿಕ ಉತ್ತರ.

‘ಇದ್ದುದರಲ್ಲೇ ಸುಖಪಡು’ ಎನ್ನುವವರಿಗೆ

ನಮ್ಮಲ್ಲಿ ತೃಪ್ತಿಯ ಉಪದೇಶಕ್ಕೆ ಬರವಿಲ್ಲ. ಆ ಉಪದೇಶ ಹೆಚ್ಚಾಗಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ ಎನ್ನುವುದೇ ಅದರ ದೋಷ. ಸಂಬಳ ತಿಂಗಳ ಮೊದಲಿಗೆ ತಪ್ಪದೆ ಬರುವವರು ಅದನ್ನು ದರ ಗೊತ್ತಿಲ್ಲದವರಿಗೆ ಹೇಳುತ್ತಾರೆ.

2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಬುದ್ಧಿಯ ಪರೀಕ್ಷೆಗಳನ್ನು ಕೊಟ್ಟರು, ಕೈ ಖಾಲಿಯಿದ್ದ ಕಟಾವಿನ ಮುಂಚೆ ಒಮ್ಮೆ, ಹಣ ಬಂದ ಮೇಲೆ ಒಮ್ಮೆ. ಅದೇ ಮನುಷ್ಯ, ಅದೇ ತಲೆ. ಆದರೆ ಕಟಾವಿನ ಮುಂಚೆ ಪರೀಕ್ಷೆಯಲ್ಲಿ ಹಿಂದೆ ಬಿದ್ದ. ಹಣದ ಚಿಂತೆ ತಲೆಯ ಜಾಗವನ್ನೇ ತಿನ್ನುತ್ತದೆ ಎನ್ನುವುದು ಅವರ ವಾದ. ಹೊಲದ ಕೆಲಸದಿಂದ ಬಂದ ಅಪ್ಪ ಮಗಳ ಮಾತಿಗೆ ಹೂಂಗುಟ್ಟುತ್ತಾನೆ, ಕೇಳಿಸಿಕೊಂಡಿರುವುದಿಲ್ಲ. ಅವನಿಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ, ತಲೆಯಲ್ಲಿ ಸೊಸೈಟಿಯ ಕಂತು ಕೂತಿರುತ್ತದೆ. ಅಂಥವನಿಗೆ ಧ್ಯಾನ ಕಲಿಸುವುದಕ್ಕಿಂತ ಕಂತಿನ ದಾರಿ ತೋರಿಸುವುದೇ ಹೆಚ್ಚು ಸುಖ ತರುತ್ತದೆ.

ಹಾವೇರಿಗೆ ಇದು ಬೇರೆಯವರು ಹೇಳಿಕೊಡಬೇಕಾದ ಪಾಠವಲ್ಲ. 2008ರ ಜೂನ್ 10ರಂದು ಇದೇ ಊರಿನಲ್ಲಿ ರಸಗೊಬ್ಬರ ಕೇಳಲು ಬೀದಿಗಿಳಿದವರ ಮೇಲೆ ಗೋಲಿಬಾರ್ ಆಗಿ ಇಬ್ಬರು ರೈತರು ಜೀವ ಕಳೆದುಕೊಂಡರು. ಮಿರಗದ ಮಳೆಯ ದಿನಗಳು ಅವು. ಗೊಬ್ಬರ ಇನ್ನೊಂದು ವಾರ ಬಿಟ್ಟು ಬಂದರೆ ಏನಾಯಿತು ಎಂದು ಕೇಳುವವರಿಗೆ ಬಿತ್ತನೆಯ ಲೆಕ್ಕ ಗೊತ್ತಿಲ್ಲ. ಹದ ಕಾಯುವುದಿಲ್ಲ. ಹದ ಕಾಯದಿರುವಾಗ ರೈತನಿಗೆ ಮಾತ್ರ ತಾಳ್ಮೆ ಹೇಳುವುದು ಕ್ರೂರವೇ ಸರಿ.

ಕಾಗಿನೆಲೆಯ ಕಥೆ, ಬ್ಯಾಡಗಿಯ ಕೋಲ್ಡ್ ಸ್ಟೋರೇಜು

ಕನಕದಾಸರ ಕಾಗಿನೆಲೆ ಇರುವುದು ಬ್ಯಾಡಗಿ ತಾಲ್ಲೂಕಿನಲ್ಲೇ. ಅವರ ‘ರಾಮಧಾನ್ಯ ಚರಿತೆ’ಯ ಕಥೆ ಎಲ್ಲರಿಗೂ ಗೊತ್ತು. ಯಾರು ಶ್ರೇಷ್ಠರು ಎಂದು ಭತ್ತಕ್ಕೂ ರಾಗಿಗೂ ಜಗಳ ಬೀಳುತ್ತದೆ. ರಾಮ ಕೂಡಲೇ ತೀರ್ಪು ಹೇಳುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅವಧಿ ಮುಗಿದಾಗ ಭತ್ತ ಸೊರಗಿರುತ್ತದೆ, ರಾಗಿ ಹಾಗೇ ಗಟ್ಟಿಯಾಗಿರುತ್ತದೆ. ಇದನ್ನು ಮೇಲು-ಕೀಳಿನ ವಿರುದ್ಧದ ಕಾವ್ಯವೆಂದು ಓದುತ್ತೇವೆ, ಓದಬೇಕಾದದ್ದೂ ಹಾಗೆಯೇ. ಜೊತೆಗೆ ಅದರಲ್ಲೊಂದು ವ್ಯವಹಾರದ ಸತ್ಯವೂ ಇದೆ. ಕಾದು ಉಳಿಯುವವನೇ ಗೆಲ್ಲುತ್ತಾನೆ.

ಇವತ್ತು ಬ್ಯಾಡಗಿಯ ಸುತ್ತಮುತ್ತ ಸಾಲಾಗಿ ನಿಂತಿರುವ ಕೋಲ್ಡ್ ಸ್ಟೋರೇಜುಗಳು ಮಾರುವುದು ಈ ಶಕ್ತಿಯನ್ನೇ. ಬಿಸಿಲಲ್ಲಿ ಬಿದ್ದ ಮೆಣಸಿನಕಾಯಿ ಬಣ್ಣ ಬಿಡುತ್ತದೆ, ತಂಪಿನಲ್ಲಿಟ್ಟದ್ದು ಬಣ್ಣ ಹಿಡಿದುಕೊಂಡಿರುತ್ತದೆ. ದರ ಬಿದ್ದರೆ ಮಾಲು ಒಳಗಿಟ್ಟು, ಏರಿದಾಗ ತೆಗೆಯಬಹುದು. ಆದರೆ ಬಾಡಿಗೆ ಕಟ್ಟಬೇಕು, ಅಷ್ಟು ತಿಂಗಳು ಮನೆ ನಡೆಯಬೇಕು, ಕೈಗಡ ಕೊಟ್ಟವರು ಬಾಗಿಲಿಗೆ ಬರಬಾರದು. ಎರಡು ಎಕರೆಯವನಿಗೆ ಇದು ಆಗುವ ಮಾತಲ್ಲ. ಹಾಗಾಗಿ ಒಂದೇ ದಿನ, ಒಂದೇ ಪ್ರಾಂಗಣಕ್ಕೆ, ಒಂದೇ ಗುಣಮಟ್ಟದ ಮಾಲು ತಂದ ಇಬ್ಬರಲ್ಲಿ ಒಬ್ಬ ‘ಈ ರೇಟಿಗೆ ಕೊಡಂಗಿಲ್ಲ’ ಎಂದು ಚೀಲ ವಾಪಸು ಒಯ್ಯುತ್ತಾನೆ, ಇನ್ನೊಬ್ಬ ತೂಕಕ್ಕೆ ಇಡುತ್ತಾನೆ. ಇಬ್ಬರ ನಡುವಿನ ವ್ಯತ್ಯಾಸ ಸ್ವಭಾವದ್ದಲ್ಲ, ‘ಬೇಡ’ ಎನ್ನುವ ಸ್ವಾತಂತ್ರ್ಯದ್ದು. ಸುಖದ ಬಹುಪಾಲು ಅಡಗಿರುವುದು ಆ ಒಂದು ಮಾತಿನಲ್ಲೇ.

ಹೂವಿನ ಮುಂದೆ ಕೂತವರು

ರಾಣೆಬೆನ್ನೂರು ಸೀಮೆಯ ಕಾಯುವಿಕೆ ಇನ್ನೂ ಸೂಕ್ಷ್ಮ. ಇಲ್ಲಿ ಸುತ್ತಲ ಹಳ್ಳಿಗಳಲ್ಲಿ ಕಂಪನಿಗಳಿಗಾಗಿ ಹತ್ತಿ, ಮೆಣಸಿನಕಾಯಿ, ಟೊಮೆಟೊ ಮುಂತಾದವುಗಳ ಹೈಬ್ರಿಡ್ ಬೀಜ ಬೆಳೆಯುತ್ತಾರೆ. ಹತ್ತಿಯದಾದರೆ ಸಂಜೆ ಹೊತ್ತಿಗೆ, ಮರುದಿನ ಅರಳಲಿರುವ ಮೊಗ್ಗನ್ನು ಉಗುರಿನಿಂದ ಬಿಡಿಸಿ, ಒಳಗಿನ ಕೇಸರಗಳನ್ನೆಲ್ಲ ತೆಗೆದು, ಶಲಾಕೆಗೆ ನೋವಾಗದಂತೆ ಬಿಡಬೇಕು. ಮರುದಿನ ಬೆಳಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು, ಆ ಶಲಾಕೆಯ ತುದಿಗೆ ಪರಾಗ ಸವರಬೇಕು. ಬಿಸಿಲು ಏರಿದರೆ ಕೆಲಸ ಕೆಟ್ಟಿತು. ಇದಕ್ಕೆ ಜನರ ಬಾಯಲ್ಲಿ ‘ಕ್ರಾಸಿಂಗ್’ ಎಂದೇ ಹೆಸರು. ಬಹುಪಾಲು ಹೆಣ್ಣುಮಕ್ಕಳೇ ಮಾಡುವ ಈ ಕೆಲಸದಲ್ಲಿ ಬೆರಳು ಕಣ್ಣಿಗಿಂತ ಚುರುಕಾಗಿರುತ್ತದೆ. ಮಾತು, ನಗೆ, ಯಾರದೋ ಮದುವೆಯ ಸುದ್ದಿ ಎಲ್ಲ ನಡೆಯುತ್ತಲೇ ಇರುತ್ತದೆ, ಒಂದು ಹೂವೂ ತಪ್ಪುವುದಿಲ್ಲ.

ಬೀಜ ಕೊಟ್ಟ ಮಾತ್ರಕ್ಕೆ ಪೂರ್ತಿ ಹಣ ಕೈಗೆ ಬರುವುದಿಲ್ಲ. ಮೊಳಕೆಯ ಪರೀಕ್ಷೆ, ತಳಿ ಶುದ್ಧತೆಯ ಪರೀಕ್ಷೆ ಪಾಸಾಗಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಫೇಲಾದರೆ ದುಡಿಮೆ ನೀರುಪಾಲು. ಕೆಲಸದ ಖುಷಿ ಬೇರೆ, ಕೆಲಸದ ಹಣದ ಆತಂಕ ಬೇರೆ, ಎರಡೂ ಒಂದೇ ಸೆರಗಿನ ಗಂಟಿನಲ್ಲಿ ಇರಬಹುದು ಎನ್ನುವುದು ಈ ಹೊಲಗಳಲ್ಲಿ ಕಣ್ಣಿಗೆ ಕಟ್ಟುತ್ತದೆ. ಹೊಲದಲ್ಲಿ ನಕ್ಕರು ಎಂದು ಅವರು ಸುಖವಾಗಿದ್ದಾರೆ ಎನ್ನುವುದೂ ತಪ್ಪು, ಬಡತನವಿದೆ ಎಂದು ಆ ನಗೆಯನ್ನು ಲೆಕ್ಕಕ್ಕೆ ಹಿಡಿಯದಿರುವುದೂ ತಪ್ಪು.

ಒಟ್ಟಿಗೆ ಕಾಯುವ ಸಡಗರ

ಇಲ್ಲಿಯವರೆಗೆ ಹೇಳಿದ್ದು ದುಡ್ಡಿನ ಮಾತು. ದುಡ್ಡಿನಿಂದ ಕೊಳ್ಳಲಾಗದ ಇನ್ನರ್ಧ ನೋಡಬೇಕೆಂದರೆ ಮಹಾನವಮಿಗೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೋಗಬೇಕು. ಮಾಲತೇಶನ ಸನ್ನಿಧಿಯಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. ‘ಸದ್ದಲೇ’ ಎನ್ನುತ್ತಾನೆ. ಸುತ್ತ ನೆರೆದ ಅಷ್ಟೂ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಕಾರ್ಣಿಕದ ಒಂದೇ ಒಂದು ಮಾತು ಬೀಳುತ್ತದೆ, ಅವನೂ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಆಮೇಲೆ ಊರಿಗೆ ಹೋಗುವ ದಾರಿಯುದ್ದಕ್ಕೂ ಅದರ ಅರ್ಥದ ಚರ್ಚೆ. ಮಳೆ ಆದೀತೇ, ಬೆಳೆ ಕೈ ಹಿಡಿದೀತೇ, ಸರ್ಕಾರ ಉಳಿದೀತೇ? ಕಾರ್ಣಿಕ ನಿಜವಾಗುವುದೋ ಇಲ್ಲವೋ ಅದು ನಂಬಿಕೆಗೆ ಬಿಟ್ಟದ್ದು. ಆದರೆ ನಾಳೆಯ ಭಯವನ್ನು ಒಬ್ಬೊಬ್ಬನೇ ಮನೆಯಲ್ಲಿ ಹೊರುವ ಬದಲು ವರ್ಷಕ್ಕೊಮ್ಮೆ ಬಯಲಲ್ಲಿ ಎಲ್ಲರೂ ಸೇರಿ ಹೊರುವ ಈ ವ್ಯವಸ್ಥೆಯನ್ನು ಕಟ್ಟಿದವರಿಗೆ ಮನುಷ್ಯರ ಮನಸ್ಸು ಚೆನ್ನಾಗಿ ಗೊತ್ತಿತ್ತು.

ದೀಪಾವಳಿ ಬಂತೆಂದರೆ ಹಾವೇರಿ ಜಿಲ್ಲೆಗೆ ಹೋರಿ ಹಬ್ಬ. ಕೊಬ್ಬರಿ ಹಾರ, ಬಲೂನು, ಬಣ್ಣದ ರಿಬ್ಬನ್ ಕಟ್ಟಿಸಿಕೊಂಡ ಹೋರಿ ಜನರ ನಡುವಿನ ಓಣಿಯಲ್ಲಿ ಬಿಟ್ಟ ಬಾಣದಂತೆ ಹಾಯುತ್ತದೆ. ಹುಡುಗರು ಹಾರಿ ಕೊಬ್ಬರಿ ಹರಿಯಲು ನೋಡುತ್ತಾರೆ. ಸಿಗದೆ ಹೋದ ಹೋರಿಯೇ ಹೀರೋ. ಈ ಹೋರಿ ಗಳೇವಿಗೆ ಬರುವುದಿಲ್ಲ, ಬಂಡಿ ಎಳೆಯುವುದಿಲ್ಲ. ಹುರುಳಿ, ಹಿಂಡಿ ಎಂದು ಅದರ ಮೇವಿಗೆ ಮಾಲೀಕ ಮಾಡುವ ಖರ್ಚಿಗೆ ಲಾಭದ ಲೆಕ್ಕವಿಲ್ಲ. ಆದರೂ ಅದಕ್ಕೊಂದು ಹೆಸರು, ಆ ಹೆಸರಿನ ಟೀ ಶರ್ಟು, ಅಭಿಮಾನಿ ಬಳಗ. ಈ ಹಬ್ಬದಲ್ಲಿ ಗಾಯವಾಗುತ್ತದೆ, ಸಾವುಗಳೂ ಆಗಿವೆ. ಸುರಕ್ಷತೆಯಲ್ಲಿ ರಾಜಿ ಮಾಡಿಕೊಳ್ಳುವ ಸಂಘಟಕರನ್ನು ಕ್ಷಮಿಸಬಾರದು. ಆದರೆ ದರ ಬಿದ್ದ ವರ್ಷವೂ ಹೋರಿ ಕಟ್ಟುವ ಮನುಷ್ಯನನ್ನು ಮೂರ್ಖ ಎನ್ನುವ ಮುಂಚೆ ಯೋಚಿಸಬೇಕು. ಬೆಳೆ ಕೈಕೊಟ್ಟ ರೈತನಿಗೆ ಊರಿನಲ್ಲಿ ತಲೆಯೆತ್ತಿ ನಿಲ್ಲಲು ಇನ್ನೊಂದು ಕಾರಣ ಅದು.

ಕಾಯುವುದು ಎಂದರೆ ಕೈಕಟ್ಟಿ ಕೂರುವುದಲ್ಲ ಎಂಬುದಕ್ಕೂ ಈ ಸೀಮೆಯಲ್ಲೇ ಸಾಕ್ಷಿ ಇದೆ. ಹಾವೇರಿ ಬಳಿಯ ಅಗಡಿಯ ಆನಂದವನದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಶುರುವಾಯಿತು. ಅದನ್ನು ನಡೆಸಿದ ಗಳಗನಾಥರು, ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದವರು. ಕಾದಂಬರಿ ಬರೆದದ್ದಷ್ಟೇ ಅಲ್ಲ, ಕನ್ನಡಕ್ಕೆ ಓದುಗರು ತಾವಾಗಿ ಬರಲಿ ಎಂದು ಕೂರದೆ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಹಾವೇರಿಯ ಏಲಕ್ಕಿ ಮಾಲೆ ಕಟ್ಟುವವರದೂ ಅಂಥದೇ ತಾಳ್ಮೆ. ಊರಿನಲ್ಲಿ ಒಂದು ಏಲಕ್ಕಿ ಗಿಡವಿಲ್ಲ. ಮಲೆನಾಡಿನ ಕಡೆಯಿಂದ ತಂದ ಕಾಯಿಗಳಲ್ಲಿ ಒಂದೇ ಗಾತ್ರದವನ್ನು ಆರಿಸಿ, ಒಂದೊಂದಾಗಿ ಪೋಣಿಸಿ, ಎಳೆಗೆ ಎಳೆ ಜೋಡಿಸಿ ಕಟ್ಟಿದ ಮಾಲೆ ಕೊನೆಗೆ ಬೀಳುವುದು ಇನ್ಯಾರದೋ ಕೊರಳಿಗೆ.

ಹಾಗಿದ್ದರೆ ನಮ್ಮ ಪಾಲಿನ ಕೆಲಸ ಏನು? ಮಳೆ ನಮ್ಮ ಕೈಯಲ್ಲಿಲ್ಲ, ಟೆಂಡರು ನಮ್ಮ ಕೈಯಲ್ಲಿಲ್ಲ. ಆದರೆ ಇನ್ನೊಬ್ಬರನ್ನು ಕಾಯಿಸುವುದು ಬಹಳಷ್ಟು ಸಲ ನಮ್ಮ ಕೈಯಲ್ಲೇ ಇರುತ್ತದೆ. ಬ್ಯಾಡಗಿಯ ಗೋದಾಮುಗಳಲ್ಲಿ ದಿನವಿಡೀ ಕೂತು ಮೆಣಸಿನಕಾಯಿಯ ತುಂಬು ಬಿಡಿಸುವ ಹೆಣ್ಣುಮಕ್ಕಳಿಗೆ ಕೈಯ ಉರಿ ರಾತ್ರಿಯೂ ಆರುವುದಿಲ್ಲ. ಅವರಿಗೆ ಬಟವಾಡೆ ಹೇಳಿದ ದಿನವೇ ಆದರೆ ಆ ವಾರ ಆ ಮನೆಗೆ ಸಂತೆ ಆಗುತ್ತದೆ, ಮಗುವಿನ ಫೀ ಹೋಗುತ್ತದೆ, ಬಡ್ಡಿಯವನ ಮುಖ ನೋಡಬೇಕಾಗುವುದಿಲ್ಲ. ಸರ್ಕಾರದಿಂದ ಬೆಂಬಲ ಬೆಲೆ ಕೇಳೋಣ, ಸಣ್ಣ ರೈತನಿಗೆ ಮಾಲು ಅಡವಿಟ್ಟು ಸಾಲ ಪಡೆಯುವ ದಾರಿ ಸುಲಭವಾಗಲಿ ಎಂದು ಒತ್ತಾಯಿಸೋಣ. ಅದರ ಜೊತೆಗೆ, ಹಾಲಿನವನಿಗೋ ಟೈಲರಿಗೋ ಮನೆಗೆಲಸದವಳಿಗೋ ನಾವು ಕೊಡಬೇಕಾದ ದುಡ್ಡಿದ್ದರೆ ಮುಂದಿನ ಸಂತೆಯೊಳಗೆ ಕೊಟ್ಟುಬಿಡೋಣ. ಸುಖದ ಬಗ್ಗೆ ಇಷ್ಟುದ್ದ ಓದಿದ್ದಕ್ಕೆ ಅಷ್ಟಾದರೂ ಲಾಭ ಯಾರಿಗಾದರೂ ಆಗಲಿ.