ಹಳೆಯ ಕೋವಿಗೆ ಹೊಸ ನಳಿಗೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪ್ರತಿವರ್ಷವೂ ನವೆಂಬರ್ 15ನೆಯ ತಾರೀಖು ಬಂದಿತೆಂದರೆ ಅದೊಂದು ಬಗೆಯ ಹಬ್ಬವೇ ಸರಿ. ಬಂದೂಕು ಹಿಡಿದು ಜಿಂಕೆಯ ಬೇಟೆಗೆ ಹೊರಡುವವರ ಋತು ಆರಂಭವಾಗುವುದು ಅಂದೇ. ತಂದೆ, ಮಗ, ಮೊಮ್ಮಗ ಎಂದು ಒಂದೇ ಮನೆಯ ಮೂರು ತಲೆಮಾರಿನವರು ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು, ಇನ್ನೂ ಕತ್ತಲಿರುವಾಗಲೇ ಕಾಡಿನ ಅಂಚನ್ನು ಸೇರುತ್ತಾರೆ. ಹಲವು ಸಂಸಾರಗಳಿಗೆ ಇದು ಬರಿಯ ವಿನೋದವಲ್ಲ. ಒಂದು ಜಿಂಕೆ ದೊರೆತರೆ ಚಳಿಗಾಲದಲ್ಲಿ ಎಷ್ಟೋ ದಿನಗಳ ಮಾಂಸದ ಖರ್ಚು ಉಳಿಯಿತೆಂದೇ ಲೆಕ್ಕ.

ಇಂತಹ ಮನೆಗಳಲ್ಲಿ ಅಜ್ಜನ ಕಾಲದ ರೈಫಲ್ಲೊಂದು ಇರುವುದು ಸಾಮಾನ್ಯ. ಅದರ ಮರದ ಹಿಡಿ ಕೈ ಸವರಿ ಸವರಿ ನುಣುಪಾಗಿರುತ್ತದೆ. ಬೋಲ್ಟು ಎಣ್ಣೆ ಸವರಿದಂತೆ ಜಾರುತ್ತದೆ. ಆದರೆ ಯಾವುದೋ ಒಂದು ವರ್ಷ ಅದು ಮೊದಲಿನಂತೆ ಗುರಿ ಕಾಯುವುದಿಲ್ಲ. ನೂರು ಗಜ ದೂರದ ಹಲಗೆಯ ಮೇಲೆ ಒಂದೂವರೆ ಅಂಗುಲದೊಳಗೆ ಬೀಳುತ್ತಿದ್ದ ಗುಂಡುಗಳು ನಾಲ್ಕೈದು ಅಂಗುಲಕ್ಕೆ ಚದರುತ್ತವೆ. ಆಗ ಮನೆಯಲ್ಲಿ ಪ್ರಶ್ನೆ ಏಳುತ್ತದೆ: ಹೊಸ ಕೋವಿಯನ್ನೇ ಕೊಳ್ಳಬೇಕೆ? ಅಥವಾ ನಳಿಗೆಯೊಂದನ್ನು ಬದಲಾಯಿಸಿದರೆ ಸಾಕೆ?

ಇದು ಹಣದ ಪ್ರಶ್ನೆ ಮಾತ್ರವಲ್ಲ. ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಮರ್ಮಸ್ಥಾನ ಸುಮಾರು ಎಂಟು ಅಂಗುಲದಷ್ಟು ಅಗಲ. ಗುಂಡು ಅಲ್ಲಿಗೆ ತಗುಲಿದರೆ ಪ್ರಾಣಿ ಬೇಗನೆ ಪ್ರಾಣ ಬಿಡುತ್ತದೆ. ಗೇಣು ತಪ್ಪಿ ಹೊಟ್ಟೆಗೆ ತಗುಲಿದರೆ ಅದು ಪೊದೆಯೊಳಗೆ ನುಗ್ಗಿ, ಗಂಟೆಗಟ್ಟಲೆ ನರಳಿ, ಕೊನೆಗೆ ಬೇಟೆಗಾರನಿಗೂ ದಕ್ಕದೆ ಸಾಯುತ್ತದೆ. ಆದುದರಿಂದಲೇ ಅಲ್ಲಿಯ ಒಳ್ಳೆಯ ಬೇಟೆಗಾರನಿಗೆ ನಳಿಗೆಯ ನಿಖರತೆ ಒಂದು ಧರ್ಮದ ವಿಷಯವೂ ಹೌದು.

ಸುರುಳಿಯ ಗುಟ್ಟು

ರೈಫಲ್ಲಿಗೂ ಸಾಧಾರಣ ಚರೆಕೋವಿಗೂ ಇರುವ ವ್ಯತ್ಯಾಸವೆಲ್ಲ ನಳಿಗೆಯ ಒಳಮೈಯಲ್ಲಿದೆ. ಚರೆಕೋವಿಯ ಒಳಮೈ ನುಣ್ಣಗಿರುತ್ತದೆ. ರೈಫಲ್ಲಿನೊಳಗೆ ಸುರುಳಿಯಾಕಾರದ ತೋಡುಗಳಿರುತ್ತವೆ. ಬುಗುರಿ ತಿರುಗುತ್ತಿರುವವರೆಗೆ ನೆಟ್ಟಗೆ ನಿಲ್ಲುವಂತೆ, ಈ ತೋಡುಗಳನ್ನು ಕಚ್ಚಿಕೊಂಡು ತಿರುಗುತ್ತ ಹೊರಬಂದ ಗುಂಡು ಗಾಳಿಯಲ್ಲಿ ಹೊರಳಾಡದೆ ಮೂತಿ ಮುಂದಾಗಿ ಸಾಗುತ್ತದೆ. 1906ರಿಂದ ಬಳಕೆಯಲ್ಲಿರುವ .30-06 ತೋಟಾದ ನಳಿಗೆಯಲ್ಲಿ ತೋಡುಗಳು ಸಾಮಾನ್ಯವಾಗಿ ಹತ್ತು ಅಂಗುಲಕ್ಕೆ ಒಂದು ಸುತ್ತು ಸುತ್ತುತ್ತವೆ. ಗುಂಡು ಸೆಕೆಂಡಿಗೆ 2,700 ಅಡಿಗಳ ವೇಗದಲ್ಲಿ ಹೊರಟರೆ, ಅದು ಸೆಕೆಂಡಿಗೆ ಮೂರು ಸಾವಿರಕ್ಕೂ ಹೆಚ್ಚು ಸಲ ತನ್ನ ಸುತ್ತ ತಾನೇ ತಿರುಗುತ್ತಿರುತ್ತದೆ!

ಇಂತಹ ನಳಿಗೆ ಸವೆಯುವುದೇಕೆ? ಗುಂಡಿನ ಉಜ್ಜುವಿಕೆಗಿಂತ ಮದ್ದಿನ ಉರಿಯೇ ಮುಖ್ಯ ಕಾರಣ. ಚದರಂಗುಲಕ್ಕೆ 60,000 ಪೌಂಡುಗಳವರೆಗೆ ಏರುವ ಒತ್ತಡದಲ್ಲಿ ಕಾದ ಅನಿಲವು ತೋಡುಗಳು ಆರಂಭವಾಗುವ ಕೊರಳಿನ ಭಾಗವನ್ನು ಸುಟ್ಟು, ಒಣಗಿದ ಕೆರೆಯ ಕೆಸರಿನಂತೆ ಬಿರುಕುಬಿಡಿಸುತ್ತದೆ. ಸಾಧಾರಣ ಬೇಟೆಯ ತೋಟಾಗಳನ್ನು ಹಾರಿಸುವ ನಳಿಗೆ ಕೆಲವು ಸಾವಿರ ಗುಂಡುಗಳಿಗೆ ಬರುತ್ತದೆ. ಅತಿವೇಗದ ತೋಟಾಗಳ ನಳಿಗೆ ಸಾವಿರ, ಒಂದೂವರೆ ಸಾವಿರಕ್ಕೇ ಸೋಲುವುದುಂಟು. ಪ್ರತಿ ಗುಂಡೂ ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗ ಮಾತ್ರ. ಲೆಕ್ಕ ಹಾಕಿದರೆ, ಐದು ಸಾವಿರ ಗುಂಡು ಹಾರಿಸಿದ ನಳಿಗೆ ನಿಜವಾಗಿ ದುಡಿದಿರುವುದು ಹತ್ತು ಸೆಕೆಂಡಿಗೂ ಕಡಿಮೆ!

ಮೊದಲು ರೋಗಪರೀಕ್ಷೆ

ವರ್ಷಕ್ಕೆ ಹತ್ತಿಪ್ಪತ್ತು ಗುಂಡುಗಳನ್ನಷ್ಟೆ ಹಾರಿಸುವ ಬೇಟೆಗಾರನ ಕೋವಿ ಒಂದು ಜನ್ಮದಲ್ಲಿ ಸವೆಯುವುದು ಅಪೂರ್ವ. ಆದಕಾರಣ ಹಣ ಕೊಡುವ ಮುನ್ನ ದೋಷ ನಳಿಗೆಯದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ದುರ್ಬೀನನ್ನು ಹಿಡಿದ ತಿರುಪುಗಳು ಸಡಿಲಾಗಿದ್ದರೂ ಗುಂಡು ಚದರುತ್ತದೆ. ಮರದ ಹಿಡಿ ತೇವಕ್ಕೆ ಬಾಗಿ ನಳಿಗೆಯನ್ನು ಒಂದು ಪಕ್ಕಕ್ಕೆ ಒತ್ತುತ್ತಿದ್ದರೂ ಹಾಗೆಯೇ. ವರ್ಷಗಟ್ಟಲೆ ಶುಚಿಮಾಡದ ತೋಡುಗಳಲ್ಲಿ ತಾಮ್ರದ ಪದರ ಕಟ್ಟಿಕೊಂಡಿರಬಹುದು. ಗುಂಡು ಕೊನೆಯದಾಗಿ ಬಿಟ್ಟುಹೋಗುವ ನಳಿಗೆಯ ಬಾಯಿಯ ಅಂಚಿಗೆ ಒಂದು ಸಣ್ಣ ಪೆಟ್ಟು ತಗುಲಿದ್ದರೂ ಗುರಿ ಕೆಡುತ್ತದೆ. ಆ ಅಂಚನ್ನು ಹೊಸದಾಗಿ ಕತ್ತರಿಸಿ ಸಮಮಾಡುವ ಕೂಲಿ ಹೊಸ ನಳಿಗೆಯ ಬೆಲೆಯ ಒಂದು ಅಂಶ ಮಾತ್ರ. ಇವೆಲ್ಲವೂ ಸರಿಯಿದ್ದು, ಬೇರೆ ಬೇರೆ ತಯಾರಿಕೆಯ ತೋಟಾಗಳನ್ನು ಪರೀಕ್ಷಿಸಿದ ಮೇಲೂ ಗುಂಡು ಚದರಿದರೆ ಆಗ ಹೊಸ ನಳಿಗೆಯ ಮಾತು.

ಬೆಲೆ ಎಲ್ಲಿಂದ ಬರುತ್ತದೆ?

ಒಂದೇ ಅಳತೆಯ ಎರಡು ನಳಿಗೆಗಳ ಬೆಲೆಯಲ್ಲಿ ಎರಡು ಮೂರು ಪಟ್ಟು ಅಂತರವಿರಬಹುದು. ಇದಕ್ಕೆ ಕಾರಣ ತೋಡು ತೆಗೆಯುವ ವಿಧಾನ ಮತ್ತು ಕೈಕೆಲಸದ ಕಾಲ. ಒಂದೇ ಮೊನೆಯ ಉಳಿಯನ್ನು ಮತ್ತೆ ಮತ್ತೆ ಎಳೆದು ಕೂದಲೆಳೆಯಷ್ಟು ಲೋಹವನ್ನು ಕೆರೆದು ತೆಗೆಯುವುದು ಹಳೆಯ ಕ್ರಮ. ಅದು ನಿಧಾನ, ಆದ್ದರಿಂದ ದುಬಾರಿ. ಗಟ್ಟಿಲೋಹದ ಗುಂಡಿಯೊಂದನ್ನು ರಂಧ್ರದ ಮೂಲಕ ಒಮ್ಮೆಗೇ ಎಳೆದು ತೋಡುಗಳನ್ನು ಒತ್ತಿ ಮೂಡಿಸುವುದು ಎರಡನೆಯದು. ಸುರುಳಿಯ ಪಡಿಯಚ್ಚಿರುವ ಸಲಾಕಿಯನ್ನು ಒಳಗಿಟ್ಟು ಹೊರಗಿನಿಂದ ಸುತ್ತಿಗೆಗಳು ಬಡಿಯುವುದು ಮೂರನೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಬೆಳೆದ ಈ ಕ್ರಮವನ್ನು ದೊಡ್ಡ ಕಾರ್ಖಾನೆಗಳು ಇಂದಿಗೂ ಬಳಸುತ್ತವೆ.

ಹಾಗಾದರೆ ಹೆಚ್ಚು ಬೆಲೆಯದೇ ಹೆಚ್ಚು ನಿಖರವೆ? ಪಂದ್ಯಗಾರನಿಗೆ ಅಂಗುಲದ ಕಾಲುಭಾಗವೂ ಲೆಕ್ಕಕ್ಕೆ ಬರುತ್ತದೆ. ಅವನು ಬೆಲೆ ತೆತ್ತರೆ ಅರ್ಥವುಂಟು. ಬೇಟೆಗಾರನಿಗೆ ನೂರು ಗಜದಲ್ಲಿ ಒಂದೂವರೆ ಅಂಗುಲ ಸಾಕು. ಗುಂಡಿಯ ಕ್ರಮದಿಂದ ಚೆನ್ನಾಗಿ ಮಾಡಿದ ಮಧ್ಯಮ ಬೆಲೆಯ ನಳಿಗೆ ಅಷ್ಟನ್ನು ಸಲೀಸಾಗಿ ಕೊಡುತ್ತದೆ. ಉದ್ದ ಹೆಚ್ಚಿದರೆ ಗುರಿ ಹೆಚ್ಚುತ್ತದೆಂಬುದೂ ಭ್ರಮೆಯೇ. ಉದ್ದದಿಂದ ಹೆಚ್ಚುವುದು ವೇಗ. ಅದೂ ಅಂಗುಲಕ್ಕೆ ಸುಮಾರು ಇಪ್ಪತ್ತು ಮೂವತ್ತು ಅಡಿಗಳಷ್ಟು ಮಾತ್ರ. ದಪ್ಪ ನಳಿಗೆ ಬೇಗ ಕಾಯುವುದಿಲ್ಲ, ನಿಜ. ಆದರೆ ಗುಡ್ಡ ಹತ್ತುವವನ ಹೆಗಲಿಗೆ ಅದರ ಭಾರ ತಿಳಿಯುತ್ತದೆ.

ತಿರುವು ತಪ್ಪಿದರೆ

ಬೆಲೆಗಿಂತ ಮುಖ್ಯವಾದುದು ತೋಡುಗಳ ತಿರುವು. ಉದ್ದವಾದ, ಭಾರವಾದ ಗುಂಡಿಗೆ ಬೇಗ ಸುತ್ತುವ ತೋಡು ಬೇಕು. ಇದನ್ನು ಗಣಿತದಿಂದ ಹೇಳುವ ಸೂತ್ರವನ್ನು ಇಂಗ್ಲೆಂಡಿನ ಗ್ರೀನ್‌ಹಿಲ್ ಎಂಬ ಗಣಿತಜ್ಞ 1879ರಲ್ಲಿಯೇ ಕೊಟ್ಟಿದ್ದ. ಆದರೂ ದೊಡ್ಡವರೂ ಎಡವಿದುದುಂಟು.

1955ರಲ್ಲಿ ಅಮೆರಿಕದ ಎರಡು ಪ್ರಸಿದ್ಧ ಸಂಸ್ಥೆಗಳು ಹೆಚ್ಚುಕಡಮೆ ಒಂದೇ ಬಗೆಯ ತೋಟಾವನ್ನು ಮಾರುಕಟ್ಟೆಗೆ ತಂದವು. ವಿಂಚೆಸ್ಟರ್ ಸಂಸ್ಥೆಯ .243ರ ನಳಿಗೆಯಲ್ಲಿ ಹತ್ತು ಅಂಗುಲಕ್ಕೊಂದು ಸುತ್ತು, ರೆಮಿಂಗ್ಟನ್ ಸಂಸ್ಥೆಯ.244ರಲ್ಲಿ ಹನ್ನೆರಡು ಅಂಗುಲಕ್ಕೊಂದು. ಜಿಂಕೆಗೆ ಜನ ಬಯಸುತ್ತಿದ್ದ ನೂರು ಗ್ರೇನ್ ತೂಕದ ಗುಂಡು ಮೊದಲನೆಯದರಲ್ಲಿ ಸ್ಥಿರವಾಗಿ ಸಾಗಿತು. ಎರಡನೆಯದರಲ್ಲಿ ಅದಕ್ಕೆ ಸಾಕಷ್ಟು ತಿರುಗಾಟ ದೊರೆಯಲಿಲ್ಲ. ರೆಮಿಂಗ್ಟನ್ನಿನವರು ತಿರುವನ್ನು ಒಂಬತ್ತು ಅಂಗುಲಕ್ಕೆ ಬಿಗಿಮಾಡಿ, 1963ರಲ್ಲಿ 6 ಮಿಲಿಮೀಟರ್ ರೆಮಿಂಗ್ಟನ್ ಎಂಬ ಹೊಸ ಹೆಸರನ್ನಿಟ್ಟು ನೋಡಿದರು. ಅಷ್ಟರಲ್ಲಿ ಗಿರಾಕಿಗಳು .243ರ ಕಡೆ ಹೋಗಿಯಾಗಿತ್ತು. ಎರಡು ಅಂಗುಲದ ಲೆಕ್ಕ ಒಂದು ಒಳ್ಳೆಯ ತೋಟಾದ ಭವಿಷ್ಯವನ್ನೇ ಕೆಡಿಸಿತು! ಆದುದರಿಂದ ನಳಿಗೆ ಕೊಳ್ಳುವವನು ತಾನು ಹಾರಿಸುವ ಗುಂಡಿನ ತೂಕವನ್ನು ಮೊದಲು ನಿಶ್ಚಯಿಸಿಕೊಂಡು, ಆಮೇಲೆ ತಿರುವನ್ನು ಕೇಳಬೇಕು.

ಕೂರಿಸುವ ಕೆಲಸ

ನಳಿಗೆ ತಂದರಷ್ಟೆ ಸಾಲದು. ಅದನ್ನು ರಿಸೀವರ್ ಎಂಬ ಉಕ್ಕಿನ ಭಾಗಕ್ಕೆ ತಿರುಪಿ ಕೂರಿಸಬೇಕು. ತೋಟಾದ ಬೆನ್ನಿಗೂ ಬೋಲ್ಟಿನ ಮುಖಕ್ಕೂ ನಡುವಣ ಎಡೆ ಅಂಗುಲದ ಸಾವಿರದ ಕೆಲವು ಭಾಗಗಳಷ್ಟೆ ಇರಬೇಕು. ಹೆಚ್ಚಾದರೆ ಹಿತ್ತಾಳೆಯ ಕೊಳವೆ ಒಡೆದು ಬೆಂಕಿಯ ಅನಿಲ ಹಿಂದಕ್ಕೆ, ಮುಖದ ಕಡೆಗೆ, ನುಗ್ಗಬಹುದು. ಮಿತವ್ಯಯ ಸಲ್ಲದ ಸ್ಥಳ ಇದೊಂದೇ. ಲೇತಿನ ಮೇಲೆ ಇದನ್ನು ಮಾಡಿಕೊಡುವ ಕೋವಿ ಕುಶಲಿಯ ಕೂಲಿ ಕೆಲವೊಮ್ಮೆ ನಳಿಗೆಯ ಬೆಲೆಯನ್ನೇ ಸಮೀಪಿಸುತ್ತದೆ.

ಈ ಕೂಲಿಯನ್ನು ತಗ್ಗಿಸಿದ ಕೀರ್ತಿ 1958ರಲ್ಲಿ ಬಂದ ಸ್ಯಾವೇಜ್ 110 ಎಂಬ ರೈಫಲ್ಲಿಗೆ ಸಲ್ಲಬೇಕು. ತಯಾರಿಕೆಯ ವೆಚ್ಚ ಇಳಿಸಲೆಂದು ಅದರ ನಳಿಗೆಯನ್ನು ಒಂದು ದೊಡ್ಡ ನಟ್ಟಿನಿಂದ ಬಿಗಿಯುವಂತೆ ರಚಿಸಿದರು. ಅಳತೆಯ ಕಡ್ಡಿಗಳೆರಡನ್ನು ಇಟ್ಟುಕೊಂಡು ಎಡೆಯನ್ನು ಸರಿಹೊಂದಿಸಿ ನಟ್ಟನ್ನು ಬಿಗಿದರೆ ಕೆಲಸ ಮುಗಿಯಿತು. ಲೇತಿನ ಗೊಡವೆಯೇ ಇಲ್ಲ. ಇಂದು ಬೇರೆ ಕೆಲವು ರೈಫಲ್ಲುಗಳಿಗೂ ಇಂತಹ ಸಿದ್ಧ ನಳಿಗೆಗಳು ದೊರೆಯುತ್ತವೆ. ಇದಕ್ಕಿಂತಲೂ ಅಗ್ಗದ ದಾರಿಯೊಂದಿದೆ. ಪಂದ್ಯದ ಶೋಕಿಯವರು ಹೊಸ ರೈಫಲ್ಲು ಕೊಂಡೊಡನೆ ಕಾರ್ಖಾನೆಯ ನಳಿಗೆಯನ್ನು ಬಿಚ್ಚಿ ಮಾರಿಬಿಡುತ್ತಾರೆ. ಹೆಚ್ಚು ಗುಂಡು ಕಾಣದ ಅಂತಹ ನಳಿಗೆ ಬೇಟೆಗಾರನ ಪಾಲಿಗೆ ಲಾಭದ ಸರಕು. ಆದರೆ ಎಡೆಯ ಪರೀಕ್ಷೆ ಅಲ್ಲಿಯೂ ತಪ್ಪದು.

ನಮ್ಮ ನಾಡಿನ ಮಾತು

ಅಮೆರಿಕದ ಕೇಂದ್ರ ಕಾನೂನಿನ ದೃಷ್ಟಿಯಲ್ಲಿ ಕೋವಿ ಎಂದರೆ ಸಂಖ್ಯೆ ಕೊರೆದ ರಿಸೀವರ್. ಬಿಡಿ ನಳಿಗೆ ಬರಿಯ ಬಿಡಿಭಾಗ. ನಮ್ಮಲ್ಲಿ ಹಾಗಲ್ಲ. 1959ರ ಆಯುಧ ಕಾಯಿದೆಯು ಆಯುಧದ ಬಿಡಿಭಾಗಗಳನ್ನೂ ಆಯುಧವೆಂದೇ ಎಣಿಸುತ್ತದೆ. ನಳಿಗೆಯನ್ನು ಮೊಟಕುಮಾಡುವುದಕ್ಕೂ ಪರವಾನಗಿ ಬೇಕು. ಇನ್ನು ವಿನೋದದ ಬೇಟೆಯನ್ನಂತೂ 1972ರ ವನ್ಯಜೀವಿ ಕಾಯಿದೆಯೂ ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿಯೂ ಕೂಡಿ ಕೊನೆಗಾಣಿಸಿದವು. ಕೋವಿಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು. ಆದರೆ ಅದು ಬೇಟೆಗೆ ಕೊಟ್ಟ ಅಪ್ಪಣೆಯಲ್ಲ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಂದು ಅಲ್ಲಿ ಕೋವಿಗಳನ್ನು ಪೂಜಿಸಿ, ನಳಿಗೆಯ ಬಾಯಿಗೆ ತೋಕ್ ಪೂ ಎನ್ನುವ ಅಗ್ನಿಶಿಖೆಯ ಹೂವನ್ನು ಸಿಕ್ಕಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಟ್ಟು ಪಂದ್ಯ ನಡೆಸುತ್ತಾರೆ.

ಮಿಷಿಗನ್ನಿನ ಗೃಹಸ್ಥನಿಗಾಗಲಿ, ಗುರಿಪಂದ್ಯಕ್ಕೆ ನಿಂತವನಿಗಾಗಲಿ, ಹೇಳಬೇಕಾದ ವಿವೇಕ ಒಂದೇ: ಮೊದಲು ದೋಷವನ್ನು ಹುಡುಕು, ನಿನ್ನ ಗುಂಡಿಗೆ ತಕ್ಕ ತಿರುವನ್ನು ಆರಿಸು, ಮಧ್ಯಮ ಬೆಲೆಯ ಸಾಮಾನು ಕೊಂಡು ಉಳಿದ ಹಣವನ್ನು ಅದನ್ನು ಸರಿಯಾಗಿ ಕೂರಿಸುವುದಕ್ಕೂ ತೋಟಾಗಳಿಗೂ ವೆಚ್ಚಮಾಡು. ಆ ತೋಟಾಗಳನ್ನು ಋತುವಿಗೆ ಮುನ್ನವೇ ಹಲಗೆಯ ಮೇಲೆ ಹಾರಿಸಿ ಕೈ ಪಳಗಿಸಿಕೊಂಡವನ ಕೈಯಲ್ಲಿ ಮಾತ್ರವೇ ಹೊಸ ನಳಿಗೆಗೆ ಬೆಲೆ ಬರುತ್ತದೆ.