ಕಂಪ್ಯೂಟರಿನ ಹೆಸರಲ್ಲೇ ಸ್ಪ್ಯಾಮಿನ ಸುಳಿವು

ಇ-ಮೇಲ್ ತಲುಪಿಸಲು ಬಂದ ಕಂಪ್ಯೂಟರು ಮೊದಲು ತನ್ನ ಹೆಸರು ಹೇಳಬೇಕು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ಇದಕ್ಕೆಂದೇ ‘ಹೆಲೊ’ ಎಂಬ ಆದೇಶವಿದೆ. ಆದರೆ ಹೇಳಿದ ಹೆಸರು ದಿಟವೇ ಎಂದು ನೋಡುವ ಕಟ್ಟುಪಾಡು ಅದರಲ್ಲಿರಲಿಲ್ಲ. ಹೆಸರು ತಾಳೆಯಾಗಲಿಲ್ಲವೆಂದು ಪತ್ರವನ್ನು ತಿರಸ್ಕರಿಸಬಾರದು ಎಂದೇ 1989ರ ನಿಯಮ ಹೇಳಿತು. ಜಾಲ ಚಿಕ್ಕದಿತ್ತು, ಪರಸ್ಪರ ನಂಬಿಕೆ ಸಾಕಾಗುತ್ತಿತ್ತು.

1990ರ ದಶಕದಲ್ಲಿ ಸ್ಪ್ಯಾಮ್ ಆ ನಂಬಿಕೆಯನ್ನು ಕೆಡಿಸಿತು. ಬಾಯಲ್ಲಿ ಹೇಳುವ ಹೆಸರನ್ನು ಯಾರಾದರೂ ಬದಲಿಸಬಹುದು. ಸಂಪರ್ಕ ಬಂದ ಐಪಿ ವಿಳಾಸವನ್ನು ಮರೆಸುವುದು ಕಷ್ಟ. ಆ ವಿಳಾಸ ಹಿಡಿದು, ಜಾಲದ ಹೆಸರು-ವಿಳಾಸಗಳ ದಾಖಲೆಯಾದ ಡಿಎನ್‌ಎಸ್‌ನಲ್ಲಿ ಹಿಮ್ಮುಖವಾಗಿ ಹುಡುಕಿದರೆ ಒಂದು ಹೆಸರು ಸಿಗುತ್ತದೆ. ಅದನ್ನು ದಾಖಲಿಸುವ ಅಧಿಕಾರ ಆ ವಿಳಾಸ ಯಾರ ವಶದಲ್ಲಿದೆಯೋ ಅವರದು. ಅವರೂ ಸುಳ್ಳು ಬರೆದಿರಬಹುದಾದ್ದರಿಂದ, ಸಿಕ್ಕ ಹೆಸರನ್ನು ಮತ್ತೆ ಹುಡುಕಿ ಅದೇ ವಿಳಾಸ ಬರುತ್ತದೆಯೇ ಎಂದು ತಾಳೆ ನೋಡುವ ಕ್ರಮ ಬಳಕೆಗೆ ಬಂತು.

2003ರ ಸೋಬಿಗ್ ವೈರಸ್ಸಿನ ಹೊತ್ತಿಗೆ ಸ್ಪ್ಯಾಮ್ ಹೊರಡುವ ಜಾಗವೇ ಬದಲಾಯಿತು. ಸೋಂಕು ತಗುಲಿದ ಮನೆ ಕಂಪ್ಯೂಟರುಗಳು ಮಾಲೀಕರಿಗೆ ಅರಿವಿಲ್ಲದೆ ಪತ್ರಗಳನ್ನು ಸುರಿಸತೊಡಗಿದವು. ಆದರೆ ಅವುಗಳ ಗುರುತು ಹೆಸರಿನಲ್ಲೇ ಇತ್ತು. ಮನೆ ಸಂಪರ್ಕಗಳು ಲಕ್ಷಗಟ್ಟಲೆ ಇರುವುದರಿಂದ ಇಂಟರ್ನೆಟ್ ಕಂಪನಿಗಳು ಐಪಿ ವಿಳಾಸದ ಅಂಕಿಗಳನ್ನೇ ಪೋಣಿಸಿ, ‘ಡಿಎಸ್‌ಎಲ್’, ‘ಡೈನಾಮಿಕ್’ನಂಥ ಪದ ಸೇರಿಸಿ ಹೆಸರಿಡುತ್ತವೆ. ಮೇಲ್ ಸರ್ವರಿಗಾದರೆ ಅದನ್ನು ನಡೆಸುವವರೇ ‘ಮೇಲ್’ ಎಂಬಂಥ ಚಿಕ್ಕ ಹೆಸರು ಆರಿಸುತ್ತಾರೆ.

ಈ ವ್ಯತ್ಯಾಸವನ್ನೇ ಆಧರಿಸಿ ಜಪಾನಿನ ಹಿದೆಯೊ ಅಸಾಮಿ 2004ರಲ್ಲಿ ‘ಎಸ್25ಆರ್’ ವಿಧಾನ ರೂಪಿಸಿದರು. ಹಿಮ್ಮುಖ ಹೆಸರೇ ಇಲ್ಲದಿದ್ದರೆ, ಹೆಸರಿನ ಮೊದಲ ಭಾಗದಲ್ಲಿ ಐದು ಅಂಕಿಗಳು ಸಾಲಾಗಿದ್ದರೆ, ಅಥವಾ ಅಂಕಿಗಳ ಎರಡು ಗುಂಪುಗಳಿದ್ದರೆ ಅನುಮಾನ. ಹಾಗೆಂದು ಪತ್ರವನ್ನು ಪೂರ್ತಿ ನಿರಾಕರಿಸುವುದಿಲ್ಲ. ‘ಸದ್ಯಕ್ಕೆ ಆಗದು’ ಎಂಬ ತಾತ್ಕಾಲಿಕ ಉತ್ತರ ಹೋಗುತ್ತದೆ. ನಿಜವಾದ ಮೇಲ್ ಸರ್ವರು ಮತ್ತೆ ಮತ್ತೆ ಯತ್ನಿಸುತ್ತದೆ. ಆಗ ನಿರ್ವಾಹಕರು ಲಾಗ್ ನೋಡಿ ಅದನ್ನು ವಿನಾಯಿತಿ ಪಟ್ಟಿಗೆ ಸೇರಿಸುತ್ತಾರೆ. ಸ್ಪ್ಯಾಮ್ ತಂತ್ರಾಂಶ ಸಾಮಾನ್ಯವಾಗಿ ಅಷ್ಟು ಕಾಯುವುದಿಲ್ಲ. ಪತ್ರದ ಒಳಗನ್ನು ಓದದೆಯೇ ಶೋಧಿಸುವುದು ಇದರ ಹೆಚ್ಚುಗಾರಿಕೆ.

ಮಿತಿಯೂ ಇದೆ. ಸಾಧಾರಣ ಸಂಪರ್ಕದಲ್ಲೇ ಸ್ವಂತ ಸರ್ವರ್ ನಡೆಸುವ ಸಣ್ಣ ಸಂಸ್ಥೆಯ ಪತ್ರವೂ ತಡೆಗೆ ಸಿಕ್ಕಬಹುದು. ಒಳ್ಳೆಯ ಹೆಸರಿನ ಸರ್ವರನ್ನು ಬಾಡಿಗೆಗೆ ಪಡೆದ ವಂಚಕ ನುಸುಳಬಹುದು. ಹೆಸರು ಯಂತ್ರದ ನೆಲೆ ತಿಳಿಸುತ್ತದೆ, ಕಳಿಸಿದವರ ಉದ್ದೇಶವನ್ನಲ್ಲ. ಆದ್ದರಿಂದ ಕಳಿಸುವ ಅನುಮತಿಯನ್ನು ಪರೀಕ್ಷಿಸುವ ಎಸ್‌ಪಿಎಫ್, ಡಿಜಿಟಲ್ ಸಹಿ ನೋಡುವ ಡಿಕೆಐಎಂ, ಇವೆರಡನ್ನೂ ಬೆಸೆಯುವ ಡಿಮಾರ್ಕ್ ಜೊತೆಗೂಡಿದವು. ಆದರೂ ಹೆಸರಿನ ಪರೀಕ್ಷೆ ಹಿಂದೆ ಸರಿದಿಲ್ಲ: 2024ರ ಫೆಬ್ರುವರಿಯಿಂದ ಜಿಮೇಲ್ ಎಲ್ಲ ಕಳುಹಿಸುವವರಿಗೂ ವಿಧಿಸಿದ ಷರತ್ತುಗಳಲ್ಲಿ, ಸರ್ವರಿನ ಹೆಸರು ಮತ್ತು ವಿಳಾಸ ಎರಡೂ ದಿಕ್ಕಿನಿಂದ ಹೊಂದಬೇಕೆಂಬುದೂ ಸೇರಿದೆ.